ಯೂರೋಪಿಗೆ ಕಳುಹಿಸುವ ಬೆಲ್ಲದಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಇಂಗ್ಲೆಂಡ್ ಹಾಗೂ ಯೂರೋಪಿನ ಅಂಗಡಿಗಳಿಗೆ ನಮ್ಮ ಸಹಕಾರ ಸಂಘವು ಹಡಗಿನಲ್ಲಿ ಕಳುಹಿಸುತ್ತಿದ್ದ ಅಚ್ಚು ಬೆಲ್ಲ ಮತ್ತು ಬಕೆಟ್ ಬೆಲ್ಲವನ್ನು ಮುಂದಿನ ಲೋಡಿನಿಂದ ನಿಲ್ಲಿಸಿ, ಗಾಳಿಯಾಡದಂತೆ ಸೀಲ್ ಮಾಡಿದ ಚೀಲಗಳಲ್ಲಿ ಪುಡಿ ಬೆಲ್ಲವನ್ನು ಮಾತ್ರ ಕಳುಹಿಸಲು ಆಡಳಿತ ಮಂಡಳಿ ತೀರ್ಮಾನಿಸಿದೆ. ಬೇಡಿಕೆಯಿರುವ ಸರಕನ್ನೇ ನಿಲ್ಲಿಸುತ್ತಿರುವುದರಿಂದ ಕಾರಣವನ್ನು ತಮಗೆ ವಿವರವಾಗಿ ತಿಳಿಸಬೇಕಾಗಿದೆ.

2023ರ ನವೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಸರಕು ಹಡಗುಗಳ ಮೇಲೆ ಯೆಮೆನ್ ದೇಶದ ಹೂತಿ ಬಂಡುಕೋರರ ದಾಳಿ ಶುರುವಾದ ಮೇಲೆ, ದೊಡ್ಡ ಹಡಗು ಕಂಪನಿಗಳು ಸೂಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕಾದ ತುದಿಯ ಗುಡ್ ಹೋಪ್ ಭೂಶಿರವನ್ನು ಸುತ್ತಿ ಹೋಗತೊಡಗಿದವು. ಇದರಿಂದ ಪ್ರಯಾಣಕ್ಕೆ ಸುಮಾರು ಎರಡು ವಾರ ಹೆಚ್ಚು ಹಿಡಿಯುವುದು ತಮಗೆ ತಿಳಿದದ್ದೇ. ಆದರೆ ಬೆಲ್ಲವನ್ನು ಕೆಡಿಸುವುದು ತಡಕ್ಕಿಂತ ಹೆಚ್ಚಾಗಿ ಆ ದಾರಿಯ ಹವೆ. ಸೂಯೆಜ್ ಮೂಲಕ ಹೋಗುವ ಹಡಗು ಭೂಮಧ್ಯರೇಖೆಯನ್ನು ದಾಟುವುದೇ ಇಲ್ಲ. ಆಫ್ರಿಕಾ ಸುತ್ತುವ ಹಡಗು ಅದನ್ನು ಎರಡು ಸಲ ದಾಟುತ್ತದೆ, ನಡುವೆ ದಕ್ಷಿಣದ ತಣ್ಣನೆಯ ಕಡಲನ್ನೂ ಹಾಯುತ್ತದೆ. ಉಕ್ಕಿನ ಕಂಟೇನರಿನೊಳಗಿನ ಬಿಸಿಯಾದ ತೇವದ ಗಾಳಿ ಆಗ ತಣಿದು, ಮೇಲ್ಛಾವಣಿಯಲ್ಲಿ ಹನಿಗಟ್ಟಿ ಸರಕಿನ ಮೇಲೆ ತೊಟ್ಟಿಕ್ಕುತ್ತದೆ. ಗ್ರಾಹಕರೊಬ್ಬರು ಕಳುಹಿಸಿದ ಫೋಟೋದಲ್ಲಿ ಮೇಲಿನ ಸಾಲಿನ ರಟ್ಟಿನ ಪೆಟ್ಟಿಗೆಗಳ ಮೂಲೆಗಳು ಕುಸಿದಿದ್ದವು. ಅಚ್ಚುಗಳು ಅಂಚು ಕರಗಿ ಒಂದಕ್ಕೊಂದು ಅಂಟಿಕೊಂಡು, ಪಾಕ ಕೆಳಗಿನ ಸಾಲಿಗೆ ಇಳಿದಿತ್ತು. ಆಷಾಢದ ಗಾಳಿಗೇ ನೀರು ಬಿಡುವ ಪದಾರ್ಥ ಅದು. ಕಂಟೇನರಿನ ಗೋಡೆಗೆ ತೂಗುಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲಗಳು ಗಾಳಿಯ ತೇವವನ್ನಷ್ಟೇ ಹೀರಬಲ್ಲವು. ಪುಡಿ ಬೆಲ್ಲವನ್ನಾದರೋ ಒಣಗಿಸಿ ಜರಡಿ ಹಿಡಿದಿರುವುದರಿಂದ ಅದರಲ್ಲಿ ತೇವವೇ ಕಡಿಮೆ.

ಮಂಗಳೂರು ಬಂದರು ನಮ್ಮ ರಾಜ್ಯದಲ್ಲೇ ಇರುವಾಗ ಸರಕನ್ನು ಚೆನ್ನೈ ಬಂದರಿನಿಂದ ಏಕೆ ಕಳುಹಿಸಬೇಕೆಂದು ಹಲವರು ಕೇಳಿದ್ದೀರಿ. ಪಣಂಬೂರಿನ ನವಮಂಗಳೂರು ಬಂದರು ಮುಖ್ಯವಾಗಿ ಕಚ್ಚಾ ತೈಲ, ಕಲ್ಲಿದ್ದಲು ಮತ್ತು ಅಡುಗೆ ಅನಿಲದ ಬಂದರು. ಯೂರೋಪಿನ ದೊಡ್ಡ ಕಂಟೇನರ್ ಹಡಗನ್ನು ಹಿಡಿಯಬೇಕಾದರೆ ಅಲ್ಲಿಂದ ಚಿಕ್ಕ ಹಡಗಿನಲ್ಲಿ ಕೊಲಂಬೊದಂಥ ಬಂದರಿಗೆ ಹೋಗಿ ಬದಲಿಸಬೇಕು. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರಂತೂ ಲಾರಿ ಸಕಲೇಶಪುರದಲ್ಲೇ ನಿಲ್ಲುತ್ತದೆ. ಕೇರಳದ ವಿಳಿಂಜಂಗೆ ಅತಿ ದೊಡ್ಡ ಹಡಗುಗಳು ಬರುತ್ತಿವೆಯಾದರೂ ಅದು ಮುಖ್ಯವಾಗಿ ಹಡಗಿನಿಂದ ಹಡಗಿಗೆ ಕಂಟೇನರ್ ಬದಲಿಸುವ ಬಂದರು. ಬೆಂಗಳೂರಿನ ವೈಟ್‌ಫೀಲ್ಡ್ ಡಿಪೋದಲ್ಲಿ ಕಸ್ಟಮ್ಸ್ ಮುಗಿಸಿ, ಸೀಲ್ ಹಾಕಿಸಿ, ರೈಲಿನಲ್ಲಿ ಚೆನ್ನೈಗೆ ಕಳುಹಿಸುವ ಈಗಿನ ಕ್ರಮವೇ ಸದ್ಯಕ್ಕೆ ನಮಗೆ ಭರವಸೆಯದು.

ದರದ ವಿಷಯ. ಪುಡಿ ಬೆಲ್ಲಕ್ಕೆ ಕಿಲೋಗೆ ಅಚ್ಚಿಗಿಂತ ಸ್ವಲ್ಪ ಹೆಚ್ಚು ಬೀಳುತ್ತದೆ. ಹಡಗಿನ ಬಾಡಿಗೆ ಏರಿಳಿಯುತ್ತಿರುವುದರಿಂದ ಇನ್ನು ಮುಂದೆ ನಾವು ಹೇಳುವ ದರವು ಚೆನ್ನೈನಲ್ಲಿ ಹಡಗಿಗೆ ಏರಿಸುವವರೆಗಿನ ಖರ್ಚನ್ನು ಮಾತ್ರ ಒಳಗೊಂಡಿರುತ್ತದೆ. ಬಾಡಿಗೆಯನ್ನು ಹಡಗು ಕಂಪನಿಯ ಬಿಲ್ಲಿನಂತೆಯೇ, ಒಂದು ರೂಪಾಯಿಯನ್ನೂ ಸೇರಿಸದೆ ವಸೂಲು ಮಾಡಲಾಗುವುದು.

ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಪುಡಿ ಒಗ್ಗದು ಎಂಬುದನ್ನು ಮಂಡ್ಯದವರಾದ ನಮಗೆ ಯಾರೂ ಹೇಳಬೇಕಿಲ್ಲ. ಆ ಹಬ್ಬಕ್ಕೆಂದು ಮಾತ್ರ ಡಿಸೆಂಬರಿನಲ್ಲಿ ಒಮ್ಮೆ ಅಚ್ಚು ಬೆಲ್ಲವನ್ನು ಬೆಂಗಳೂರಿನಿಂದ ವಿಮಾನದಲ್ಲಿ ಕಳುಹಿಸುತ್ತೇವೆ. ಅದರ ದರ ಬೇರೆ. ಹಡಗಿನ ಸರಕು ಹಬ್ಬಕ್ಕೆ ಮುಂಚೆ ತಲುಪಬೇಕೆನ್ನುವವರು ಸೆಪ್ಟೆಂಬರ್ ಕೊನೆಯೊಳಗೆ, ವಿಮಾನದ ಸರಕು ಬೇಕಾದವರು ನವೆಂಬರ್ 15ರೊಳಗೆ ಬೇಡಿಕೆಯನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಬೆಲ್ಲ ಉತ್ಪಾದಕರ ಸಹಕಾರ ಸಂಘ, ಮಂಡ್ಯ