ಔಷಧ ಚೀಟಿ ಸುಟ್ಟರೆ ಕಾಯಿಲೆ ಹೋಗದು

ಸೇನೆಯ ಅಗ್ನಿವೀರ್ ನೇಮಕಾತಿ ರ‍್ಯಾಲಿಗೆ ತಯಾರಾಗುತ್ತಿರುವ ನಮ್ಮೂರ ಹುಡುಗನೊಬ್ಬ ಮೊನ್ನೆ ಫಿಟ್ಸ್ ಮಾತ್ರೆಯ ಹಳೇ ಚೀಟಿಗಳನ್ನೆಲ್ಲ ಒಲೆಗೆ ಹಾಕಿದ. ‘ಡಾಕ್ಟರ್ ಕೇಳಿದರೆ ಏನೂ ಇಲ್ಲ ಅನ್ನು’ ಎಂದು ತರಬೇತಿ ಕೊಡುವವರೇ ಹೇಳಿಕೊಟ್ಟಿದ್ದರಂತೆ. 1.6 ಕಿ.ಮೀ. ಓಟದಲ್ಲಿ ಎಲ್ಲರಿಗಿಂತ ಮುಂದಿರುವವನು, ಅವನ ಸಂಕಟ ಅರ್ಥವಾಗುತ್ತದೆ. ಆದರೆ ಗುಂಡು ತುಂಬಿದ ಬಂದೂಕು ಹಿಡಿದು ರಾತ್ರಿ ಪಹರೆಯಲ್ಲಿದ್ದಾಗ ಫಿಟ್ಸ್ ಬಂದರೆ? ಮುಚ್ಚಿಟ್ಟದ್ದು ಸೇನೆಗೆ ಸೇರಿದ ಮೇಲೆ ಬಯಲಾದರೆ ಕೆಲಸವೂ ಹೋದೀತು. ಕಿವಿಯ ಗುಗ್ಗೆ, ಹುಳುಕು ಹಲ್ಲಿನಂಥವನ್ನು ಮೊದಲೇ ಸರಿಪಡಿಸಿಕೊಳ್ಳಬಹುದು. ಅನರ್ಹ ಎಂದರೂ ಸೇನಾ ಆಸ್ಪತ್ರೆಯಲ್ಲಿ ಮರುಪರೀಕ್ಷೆ ಕೇಳಬಹುದು. ಇದನ್ನು ಬಿಟ್ಟು ಸುಳ್ಳು ಕಲಿಸಲು ಫೀಸು ಬೇರೆ! ಯಾವ ಕಾಯಿಲೆಗೆ ಅವಕಾಶವಿಲ್ಲ ಎಂಬುದನ್ನು ಸೇನಾ ನೇಮಕಾತಿ ಕಚೇರಿಗಳು ಪಿಯು ಕಾಲೇಜುಗಳಲ್ಲೇ ಕನ್ನಡದಲ್ಲಿ ತಿಳಿಸಲಿ.

– ನಿವೃತ್ತ ಹವಾಲ್ದಾರ್, ಬೆಳಗಾವಿ ಜಿಲ್ಲೆ