ಮಕ್ಕಳ ಮಾತಿಗೆ ಮನೆಯಲ್ಲಿ ಕಿವಿಗೊಡಿ

ಪ್ರಿಯ ಪೋಷಕರೇ,

ನಮಸ್ಕಾರ. ಆರು ಮತ್ತು ಏಳನೇ ತರಗತಿಯ ಮಕ್ಕಳಿಗೆ ಈ ತಿಂಗಳು ಹವಾಮಾನ ಬದಲಾವಣೆಯ ಪಾಠ ನಡೀತಿದೆ. ಈ ಸಲ ಮನೆಗೆಲಸ ಬರೆಯುವುದಲ್ಲ, ಮಾತಾಡುವುದು. ಮನೆಯವರ ಜೊತೆ, ಓಣಿಯ ಗೆಳೆಯರ ಜೊತೆ.

ಕಳೆದ ವಾರ ಒಬ್ಬ ಹುಡುಗಿ ತಂದೆಯನ್ನು ಕೇಳಿದಳಂತೆ: "ಯಪ್ಪಾ, ಗದ್ದಿಯಾಗ ನೀರು ಯಾವಾಗ್ಲೂ ನಿಂತೇ ಇರಬೇಕೇನು?" ಅವರು ಮೊದಲು ಗದರಿದರು. ಮರುದಿನ ತಾವೇ ಶಾಲೆಗೆ ಬಂದು, ಮಗಳು ಹಾಗ್ಯಾಕೆ ಕೇಳಿದಳು ಅಂತ ವಿಚಾರಿಸಿದರು. ನನಗೆ ತುಂಬಾ ಸಂತೋಷವಾಯಿತು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನೀರು ನಿಂತ ಮಣ್ಣಿಗೆ ಗಾಳಿ ಆಡುವುದಿಲ್ಲ. ಅಲ್ಲಿ ಕೊಳೆಯುವ ಕಸಕಡ್ಡಿಯಿಂದ ಮೀಥೇನ್ ಅನಿಲ ಹುಟ್ಟುತ್ತದೆ. ಭೂಮಿ ಬಿಸಿಯಾಗಲು ಅದೂ ಒಂದು ದೊಡ್ಡ ಕಾರಣ. ನಡುನಡುವೆ ಗದ್ದೆ ಆರಲು ಬಿಟ್ಟು ಮತ್ತೆ ನೀರು ಹಾಯಿಸಿದರೆ ಮೀಥೇನ್ ಕಮ್ಮಿಯಾಗುತ್ತದೆ, ನೀರೂ ಉಳಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರಿಗೆ ಆ ನೀರಿನ ಬೆಲೆ ನಾನು ಹೇಳಬೇಕಾ? ನೀರು ನಿಲ್ಲಿಸಿ ನಾಟಿ ಮಾಡದೆ, ಒಣ ನೆಲದಲ್ಲೇ ಕೂರಿಗೆಯಲ್ಲಿ ಭತ್ತ ಬಿತ್ತುವ ರೈತರೂ ನಮ್ಮಲ್ಲಿದ್ದಾರೆ. ಅವರ ಅನುಭವ ಕೇಳಿ.

ಚಿಕ್ಕವರ ಮಾತಿಗೆ ದೊಡ್ಡವರು ಬದಲಾಗ್ತಾರಾ ಅಂತ ಅನುಮಾನ ಬೇಡ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಶಾಲೆಯಲ್ಲಿ ಈ ಪಾಠ ಕಲಿತು ಮನೆಯಲ್ಲಿ ಮಾತಾಡಿದ ಮಕ್ಕಳ ತಂದೆತಾಯಿಗಳಲ್ಲಿ ಹವಾಮಾನದ ಕಾಳಜಿ ಹೆಚ್ಚಿತ್ತು. ಅದರಲ್ಲೂ ಹೆಣ್ಣುಮಕ್ಕಳ ಮಾತು ಜಾಸ್ತಿ ನಾಟಿತ್ತು. ದಯವಿಟ್ಟು ನಿಮ್ಮ ಹುಡುಗಿಯರನ್ನು "ಸುಮ್ನಿರು" ಅನ್ನಬೇಡಿ.

ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಅವರನ್ನೂ ಮಾತಿಗೆ ಕೂರಿಸಿ. "ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ" ಅನ್ನುತ್ತಿದ್ದವರು ಅವರು. ಆಗ ಮಳೆ ಹೇಗೆ ಬರುತ್ತಿತ್ತು, ಹಳ್ಳ ಯಾವಾಗ ಬತ್ತುತ್ತಿತ್ತು, ಇದೆಲ್ಲ ಅವರಿಂದಲೇ ಮಕ್ಕಳಿಗೆ ತಿಳಿಯಬೇಕು. ರಾಯಚೂರಿನ ಬಿಸಿಲು ಹೊಸದಲ್ಲ ಅಂತ ಕೆಲವರು ಹೇಳ್ತಾರೆ. ನಿಜ. ಆದರೆ ಇಡೀ ಭೂಮಿಯ ಲೆಕ್ಕದಲ್ಲಿ, ಅಳತೆ ಶುರುವಾದಾಗಿನಿಂದ 2024ರಷ್ಟು ಬಿಸಿಯಾದ ವರ್ಷ ಅದಕ್ಕೂ ಮೊದಲು ಬಂದಿರಲಿಲ್ಲ. ನಮ್ಮ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲಿನ ಪಾಲೂ ಅದರಲ್ಲಿದೆ. ಆ ಕರೆಂಟಿನಿಂದಲೇ ಎಷ್ಟೋ ಮನೆಗಳ ಅನ್ನ ನಡೆದಿದೆ. ಅದನ್ನೂ ಮಕ್ಕಳ ಮುಂದೆ ಮುಚ್ಚಿಡದೆ ಮಾತಾಡಿ.

ಒಂದೇ ಒಂದು ವಿನಂತಿ. ಮಕ್ಕಳನ್ನು ಹೆದರಿಸಬೇಡಿ. ಏನು ಮಾಡಬಹುದು ಅನ್ನುವಲ್ಲಿಗೆ ಮಾತು ತನ್ನಿ. ಕೆರೆಯ ಹೂಳು, ರಸ್ತೆ ಬದಿಯ ಬೇವಿನ ಗಿಡ, ಶಾಲೆಯ ಮೇಲೆ ಸೋಲಾರ್, ಹೀಗೆ ಅವರಿಗೆ ತೋಚಿದ್ದನ್ನು ಚೀಟಿಯಲ್ಲಿ ಬರೆದು ತರಲಿ. ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಪಂಚಾಯಿತಿಯವರ ಮುಂದೆ ಅವರೇ ಓದುತ್ತಾರೆ. ಅವತ್ತು ನೀವೂ ಬನ್ನಿ, ಅಕ್ಕಪಕ್ಕದವರನ್ನೂ ಕರೆತನ್ನಿ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ