ಪ್ಲೇಟ್ ಬಿಸಾಡುವ ಮೊದಲು

ಯಾದಗಿರಿ

ಚಿ. ಭಾಗ್ಯಶ್ರೀಗೆ ಅತ್ತೆಯ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿಯೇ ಬೇಜಾರಾಯಿತು. "ಗಾಲ್3 ಜೀನ್ ತೆಗೆದೆ ಅತ್ತೆ, ಈಸ್ಟ್‌ಗೆ ಏನೂ ಆಗಲೇ ಇಲ್ಲ. ಅದರ ನಕಲಿನಂಥ ಜೋಡಿ ಜೀನ್ ಗಾಲ್1 ಎಲ್ಲಾ ನೋಡಿಕೊಳ್ಳುತ್ತೆ. ಇದರಲ್ಲಿ ಹುಡುಕೋದು ಏನಿದೆ? ಪ್ರಾಜೆಕ್ಟ್ ಬದಲಿಸ್ತೀನಿ" ಅಂದೆ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಬದಲಿಸಬೇಡ. "ಏನೂ ಆಗಲಿಲ್ಲ" ಅಂತ ನೋಟ್‌ಬುಕ್ಕಿನಲ್ಲಿ ಬರೆಯುವ ಮೊದಲು ಎರಡು ಪ್ರಶ್ನೆ ಕೇಳಿಕೋ. ಈಸ್ಟ್‌ಗೆ ತಿನ್ನಲು ಏನು ಕೊಟ್ಟೆ? ಎಷ್ಟು ದಿನ ಕಾದೆ?

ಈ ಜೋಡಿಗಳು ಸುಮ್ನೆ ಬಂದವಲ್ಲ. ಬ್ರೆಡ್ ಉಬ್ಬಿಸುವ ಈಸ್ಟ್‌ನ ಪೂರ್ತಿ ಜೀನೋಮ್, ಅಂದರೆ ಅದರ ಎಲ್ಲಾ ಡಿಎನ್‌ಎ, 1996ರಲ್ಲಿ ಓದಿ ಮುಗಿಯಿತು. 16 ಕ್ರೋಮೋಸೋಮು, ಸುಮಾರು 6,000 ಜೀನು. ಮರುವರ್ಷವೇ ಕೆನ್ ವುಲ್ಫ್ ಮತ್ತು ಡೆನಿಸ್ ಶೀಲ್ಡ್ಸ್ ಒಂದು ವಿಷಯ ಗಮನಿಸಿದರು. ಒಂದು ಕ್ರೋಮೋಸೋಮಿನಲ್ಲಿ ಸಾಲಾಗಿ ಕೂತ ಜೀನುಗಳ ಜೋಡಿಗಳು ಇನ್ನೊಂದರಲ್ಲೂ ಅದೇ ಸಾಲಿನಲ್ಲಿ ಕೂತಿದ್ದವು. ಹಾಗಾದರೆ ಯಾವುದೋ ಕಾಲದಲ್ಲಿ ಇಡೀ ಜೀನೋಮೇ ಎರಡಾಗಿರಬೇಕು ಅಂದರು. 2004ರಲ್ಲಿ ಮನೋಲಿಸ್ ಕೆಲ್ಲಿಸ್ ಮತ್ತು ಸಂಗಡಿಗರು ಹಾಗೆ ಎರಡಾಗದೇ ಉಳಿದ ಒಂದು ನೆಂಟ ಈಸ್ಟ್‌ನ ಜೀನೋಮ್ ಪಕ್ಕಕ್ಕಿಟ್ಟು ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಇದು ಸುಮಾರು 10 ಕೋಟಿ ವರ್ಷದ ಹಿಂದಿನ ಮಾತು. ಆಮೇಲೆ ಹೆಚ್ಚಿನ ನಕಲುಗಳು ಅಳಿಸಿಹೋದವು. ಇವತ್ತು ಉಳಿದಿರುವುದು 550ರ ಆಸುಪಾಸು ಜೋಡಿ ಮಾತ್ರ. ನನಗೆ ಇದೇ ದೊಡ್ಡ ವಿಷಯ ಅನ್ನಿಸುತ್ತದೆ. ಹತ್ತರಲ್ಲಿ ಒಂಬತ್ತು ಹೋದ ಮೇಲೂ ಒಂದು ಜೋಡಿ ಉಳಿದಿದೆ ಅಂದರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ. ನೀನು ಹುಡುಕಬೇಕಾದದ್ದು ಆ ಕಾರಣವನ್ನೇ.

1970ರಲ್ಲಿ ಸುಸುಮು ಓಹ್ನೊ ಹೇಳಿದ್ದು ನಿನಗೆ ಗೊತ್ತು: ಒಂದು ಪ್ರತಿ ಹಳೇ ಕೆಲಸ ಮಾಡಿಕೊಂಡಿರುತ್ತದೆ, ಇನ್ನೊಂದು ಬಿಡುವಾಗಿ ಹೊಸ ಕೆಲಸ ಕಲಿಯುತ್ತದೆ. ಹಾಗೂ ಆಗುತ್ತದೆ. ಆದರೆ ಜೋಡಿ ಕಂಡ ಕೂಡಲೇ ಅದನ್ನೇ ಹಚ್ಚಿಬಿಡಬೇಡ. ಮೊದಲು ಕೇಳಬೇಕಾದದ್ದು, ಎರಡಾಗುವ ಮುಂಚೆ ಆ ಒಂದೇ ಜೀನ್ ಏನೇನು ಮಾಡುತ್ತಿತ್ತು ಅಂತ.

ಗಾಲ್1, ಗಾಲ್3 ಜೋಡಿಯನ್ನೇ ತಗೋ. ಗಾಲ್1 ಒಂದು ಕಿಣ್ವ. ಗ್ಯಾಲಕ್ಟೋಸ್ ಸಕ್ಕರೆಯನ್ನು ಜೀರ್ಣಿಸುವ ಮೊದಲ ಹೆಜ್ಜೆ ಅದರದ್ದು. ಗಾಲ್3 ಸಕ್ಕರೆ ಮುಟ್ಟಿ ಏನೂ ಮಾಡುವುದಿಲ್ಲ. ಗ್ಯಾಲಕ್ಟೋಸ್ ಬಂದಿದೆ ಅಂತ ಗುರುತಿಸಿ, ಗಾಲ್80 ಅನ್ನೋ ತಡೆಯನ್ನು ಹಿಡಿದುಕೊಳ್ಳುತ್ತದೆ. ಆಗ ಆ ತಡೆ ಕಟ್ಟಿಹಾಕಿದ್ದ ಗಾಲ್4 ಬಿಡುಗಡೆಯಾಗಿ ಉಳಿದ ಜೀನುಗಳನ್ನು ಎಬ್ಬಿಸುತ್ತದೆ. ಜೀನೋಮ್ ಎರಡಾಗದ ಇನ್ನೊಂದು ಈಸ್ಟ್ ಇದೆ, ಕ್ಲೂವೆರೊಮೈಸಿಸ್ ಲ್ಯಾಕ್ಟಿಸ್. ಅದರಲ್ಲಿ ಈ ಎರಡೂ ಕೆಲಸ ಒಂದೇ ಪ್ರೋಟೀನಿನದ್ದು! ನಮ್ಮ ಬ್ರೆಡ್ ಈಸ್ಟ್‌ನ ಗಾಲ್3 ಕಳೆದುಕೊಂಡಿರುವುದೂ ಬಹಳವಲ್ಲ. ಬಿಟ್ಟುಹೋದ ಎರಡು ಅಮೈನೋ ಆಮ್ಲ ವಾಪಸ್ ಸೇರಿಸಿದರೆ ಅದಕ್ಕೆ ಕಿಣ್ವದ ಶಕ್ತಿ ಸ್ವಲ್ಪ ಮರಳಿ ಬರುತ್ತದೆ.

ಹಾಗಾದರೆ ಬೇರೆ ಆದದ್ದರಿಂದ ಲಾಭ ಏನು? 2007ರಲ್ಲಿ ಕ್ರಿಸ್ ಹಿಟಿಂಗರ್ ಮತ್ತು ಶಾನ್ ಕ್ಯಾರಲ್ ತೋರಿಸಿದ್ದು ಇದನ್ನೇ. ತೊಗರಿ ಹೊಲದ ಕಾವಲಿಗೆ ಒಬ್ಬ ಸಾಕು, ಆದರೆ ಅವನು ಯಾವಾಗಲೂ ಇರಬೇಕು. ರಾಶಿಗೆ ಆಳು ಬೇಕಾಗುವುದು ರಾಶಿ ಮಾಡುವಾಗ ಮಾತ್ರ, ಆದರೆ ಆವಾಗ ಜಾಸ್ತಿ ಬೇಕು. ಗಾಲ್3 ಕಾವಲಿನವನು: ಸಕ್ಕರೆ ಇಲ್ಲದಾಗಲೂ ಸ್ವಲ್ಪ ಇರಲೇಬೇಕು. ಗಾಲ್1 ಗ್ಲೂಕೋಸ್ ಇರುವಾಗ ಪೂರ್ತಿ ಬಂದ್ ಆಗಿದ್ದು, ಗ್ಯಾಲಕ್ಟೋಸ್ ಬಂದ ಮೇಲೆ ಸುಮಾರು ಸಾವಿರ ಪಟ್ಟು ಏರಬೇಕು. ಒಂದೇ ಜೀನಿನ ಮುಂದೆ ಒಂದೇ ಸ್ವಿಚ್ ಇದ್ದರೆ ಎರಡನ್ನೂ ಚೆನ್ನಾಗಿ ಮಾಡಲು ಬರುವುದಿಲ್ಲ. ಎರಡಾದ ಮೇಲೆ ಎರಡು ಸ್ವಿಚ್ಚೂ ಬೇರೆ ಬೇರೆ ದಾರಿ ಹಿಡಿದವು. ಗಾಲ್1ರ ಮುಂದೆ ಗಾಲ್4 ಕೂರುವ ಜಾಗ ನಾಲ್ಕು, ಗಾಲ್3ರ ಮುಂದೆ ಒಂದೇ. ಅದಕ್ಕೇ ಹೇಳುವುದು, ಪ್ರೋಟೀನಿನ ಅಕ್ಷರಗಳನ್ನಷ್ಟೇ ಹೋಲಿಸಿ ಕೂರಬೇಡ. ಜೀನಿನ ಮುಂದಿರುವ ಡಿಎನ್‌ಎಯನ್ನೂ ಓದು.

ಎಲ್ಲ ಜೋಡಿಯೂ ಹೀಗಲ್ಲ. ತಾಮ್ರದ ವಿಷ ತಡೆಯುವ ಕಪ್1 ಜೀನ್ ಒಂದೇ ಕಡೆ ಸಾಲಾಗಿ ಹಲವು ಪ್ರತಿ ಆಗಿರುತ್ತದೆ. ಅಲ್ಲಿ ಹೊಸ ಕೆಲಸ ಇಲ್ಲ, ಹೆಚ್ಚು ಪ್ರತಿ ಇದ್ದಷ್ಟೂ ತಡೆ ಜಾಸ್ತಿ. ಎಡಿಎಚ್1 ಆಲ್ಕೋಹಾಲ್ ತಯಾರಿಸುತ್ತದೆ, ಅದರ ಜೋಡಿ ಎಡಿಎಚ್2 ಸಕ್ಕರೆ ಮುಗಿದ ಮೇಲೆ ಆ ಆಲ್ಕೋಹಾಲನ್ನೇ ತಿನ್ನಲು ನೆರವಾಗುತ್ತದೆ. ಪ್ರತಿ ಜೋಡಿಗೂ ಅದರದ್ದೇ ಕಥೆ.

ಈಗ ನೀನು ಈಸ್ಟ್ ಬೆಳೆಸುವ ಪ್ಲೇಟಿಗೆ ಬರುತ್ತೇನೆ. ಗ್ಲೂಕೋಸ್ ಪ್ಲೇಟಿನಲ್ಲಿ ಗಾಲ್3 ಇಲ್ಲದ ಈಸ್ಟ್ ಆರಾಮಾಗಿ ಬೆಳೆಯುತ್ತದೆ, ಏನೂ ಕಾಣುವುದಿಲ್ಲ. ಗ್ಯಾಲಕ್ಟೋಸ್‌ಗೆ ಹಾಕಿ ಎರಡನೇ ದಿನ ನೋಡಿದರೆ ಸತ್ತಹಾಗೆ ಕಾಣುತ್ತದೆ. ಅಲ್ಲಿಗೇ ಪ್ಲೇಟ್ ಬಿಸಾಡುವವರು ಬಹಳ. ಇನ್ನೂ ಕೆಲವು ದಿನ ಬಿಡು, ಬೆಳೆಯಲು ಶುರುವಾಗುತ್ತದೆ. ವಿಂಗೆ ಮತ್ತು ರಾಬರ್ಟ್ಸ್ 1948ರಲ್ಲೇ ಈ ತಡವನ್ನು ವರದಿ ಮಾಡಿದ್ದರು. ಗಾಲ್1 ಹಳೇ ಕಾವಲಿನ ಕೆಲಸ ಪೂರ್ತಿ ಮರೆತಿಲ್ಲ. ಅದು ನಿಧಾನವಾಗಿ ಸ್ವಿಚ್ ಹಾಕುತ್ತದೆ. ಪೂರ್ವಜನ ಗುರುತು ಆ ತಡದಲ್ಲೇ ಇದೆ, ನೋಡು. ಅದು ನಿನ್ನ ಕಣ್ಣಿಗೆ ಬೀಳಬೇಕು ಅನ್ನೋದೇ ನನ್ನ ಆಸೆ.

ಕಲಬುರಗಿಯ ಬೇಸಿಗೆ ನಿನಗೆ ಗೊತ್ತಲ್ಲ, 40 ದಾಟುತ್ತದೆ. ಈಸ್ಟ್‌ಗೆ 30 ಡಿಗ್ರಿ ಬೇಕು. ಕರೆಂಟ್ ಹೋದರೆ ಇನ್‌ಕ್ಯುಬೇಟರಿನ ಥರ್ಮಾಮೀಟರ್ ನೋಡಿ ಬರೆದಿಡು. ಅಷ್ಟು ದಿನ ಇಟ್ಟರೆ ಪ್ಲೇಟಿನ ಅಗಾರ್ ಲೋಳೆ ಒಣಗುತ್ತದೆ. ದಪ್ಪಗೆ ಸುರಿ, ಡಬ್ಬಿಯಲ್ಲಿ ಒದ್ದೆ ಹತ್ತಿ ಇಟ್ಟು ಮುಚ್ಚು. ಗ್ಯಾಲಕ್ಟೋಸ್ ಕೊಳ್ಳುವಾಗ ಗ್ಲೂಕೋಸ್ ಕಲಬೆರಕೆ ಕಡಿಮೆ ಇರುವುದನ್ನೇ ಕೇಳು. ಸ್ವಲ್ಪ ಗ್ಲೂಕೋಸ್ ಇದ್ದರೂ ಫಲಿತಾಂಶ ಕೆಡುತ್ತದೆ. ಏನೂ ತೆಗೆಯದ ಈಸ್ಟ್ ಪಕ್ಕದಲ್ಲಿ ಇರಲೇಬೇಕು.

ಎರಡೂ ಜೀನ್ ತೆಗೆದು ನೋಡುತ್ತೇನೆ ಅಂದೆ. ಒಳ್ಳೇದೇ. ಆದರೆ ಗಾಲ್1 ಹೋದರೆ ಅದು ಗ್ಯಾಲಕ್ಟೋಸ್ ತಿನ್ನುವುದೇ ಇಲ್ಲ. ಆಗ ಬೆಳೆಯಲಿಲ್ಲ ಅನ್ನೋದರಿಂದ ಸ್ವಿಚ್ ಬಗ್ಗೆ ಏನೂ ಹೇಳಲು ಬರುವುದಿಲ್ಲ. ಬಣ್ಣ ಕೊಡುವ ಜೀನಿನ ಮುಂದೆ ಗಾಲ್4 ಎಬ್ಬಿಸುವ ಒಂದು ಸ್ವಿಚ್ ಇಟ್ಟು ನೋಡಬೇಕು.

ಇನ್ನೊಂದು. ತಡವಾಗಿ ಬಂದ ಕಾಲೊನಿ, ಅಂದರೆ ಈಸ್ಟ್‌ನ ಚುಕ್ಕೆ, ನಿಜವಾಗಿ ಒಗ್ಗಿಕೊಂಡದ್ದೋ, ಇಲ್ಲಾ ಬೇರೆ ಜೀನಿನಲ್ಲಿ ರೂಪಾಂತರ ಆಗಿದೆಯೋ ಅಂತ ತಿಳಿಯಬೇಕಲ್ವಾ? ಗಾಲ್80 ಕೆಟ್ಟರೂ ಅದು ಬೆಳೆಯುತ್ತದೆ. ಕಾಲೊನಿಯನ್ನು ತೆಗೆದು ಗ್ಲೂಕೋಸ್‌ನಲ್ಲಿ ಚೆನ್ನಾಗಿ ಬೆಳೆಸು, ಮತ್ತೆ ಗ್ಯಾಲಕ್ಟೋಸ್‌ಗೆ ಹಾಕು. ಮತ್ತೆ ತಡ ಮಾಡಿದರೆ ಗಾಲ್1 ಕೆಲಸ ಮಾಡಿದೆ. ತಡವಿಲ್ಲದೇ ಬೆಳೆದರೆ ರೂಪಾಂತರ, ಅದನ್ನು ಲೆಕ್ಕದಿಂದ ಬಿಡು. ದಿನಾ ಅದೇ ಹೊತ್ತಿಗೆ ಫೋಟೊ ತೆಗೆದು ನನಗೂ ಕಳಿಸು.

ಇಂತಿ,
ನಿನ್ನ ಅತ್ತೆ